ಎರಡನೆಯ ಬಾಣ



ಕನ್ನಡ ಎಂ.ಎ. ಓದುವಾಗ ಬುದ್ಧನ ನಾಲ್ಕು ಆರ್ಯಸತ್ಯಗಳನ್ನು ನಾವು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆವು. ದುಃಖವಿದೆ, ತೃಷ್ಣೆಯೇ ಅದರ ಮೂಲ, ಅದಕ್ಕೆ ನಿರೋಧವುಂಟು, ನಿರೋಧಕ್ಕೆ ಅಷ್ಟಾಂಗ ಮಾರ್ಗವುಂಟು. ಅಂಕಗಳು ಬಂದವು, ಅರ್ಥ ಬರಲಿಲ್ಲ. ಅದು ತಿಳಿಯತೊಡಗಿದ್ದು ಐವತ್ತು ದಾಟಿದ ಮೇಲೆ, ಮಾತೃವಿಯೋಗದ ನಂತರ.

ಅಂದು ಸಂಜೆ ಯಲಹಂಕದಿಂದ ತಾಯಿಯವರನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳ ನಡುವೆ ಸಿಲುಕಿತು. ಆಸ್ಪತ್ರೆ ತಲುಪುವಷ್ಟರಲ್ಲಿ ಅವರು ಲಿಂಗೈಕ್ಯರಾಗಿದ್ದರು. ಅರ್ಧ ಗಂಟೆ ಮೊದಲೇ ಹೊರಟಿದ್ದರೆ? ಈ ಪ್ರಶ್ನೆ ತಿಂಗಳುಗಟ್ಟಲೆ ನಮ್ಮನ್ನು ಸುಟ್ಟಿತು. ಶ್ರೀಮಠದ ಕಾರ್ಯದರ್ಶಿಯಾಗಿ ಅದೆಷ್ಟೋ ಮನೆಗಳಿಗೆ ಸಾಂತ್ವನದ ಪತ್ರ ಬರೆದ ನಮಗೆ, ನಮಗಾಗಿ ಒಂದು ಮಾತೂ ಹೊಳೆಯಲಿಲ್ಲ. ಆ ಸೇತುವೆಯನ್ನು ತಪ್ಪಿಸಲು ಸುತ್ತುದಾರಿ ಹಿಡಿಯುತ್ತಿದ್ದೆವು.

ಆ ದಿನಗಳಲ್ಲಿ ಸಂಯುತ್ತನಿಕಾಯದ ಸಲ್ಲಸುತ್ತವನ್ನು ಓದುವ ಯೋಗ ಒದಗಿತು. ಪಾಲಿಯ ‘ಸಲ್ಲ’ವೆಂದರೆ ಬಾಣ. ಒಬ್ಬನಿಗೆ ಬಾಣವೊಂದು ನಾಟುತ್ತದೆ. ಅದರ ಬೆನ್ನಿಗೇ ಇನ್ನೊಂದು. ಮೊದಲನೆಯದು ಒದಗಿಬಂದ ನೋವು. ಎರಡನೆಯದು ಆ ನೋವಿಗೆ ಮನಸ್ಸು ಕೂಡಿಸುವ ಶೋಕ, ಪರಿತಾಪ. ಅರಿತವನಿಗೂ ಮೊದಲನೆಯದು ತಪ್ಪದು. ಎರಡನೆಯದು ಅವನಿಗೆ ತಾಗದು. ತಾಯಿಯವರ ಅಗಲಿಕೆ ಮೊದಲನೆಯ ಬಾಣ. ‘ಅರ್ಧ ಗಂಟೆ’ ಎಂಬುದು ನಾವೇ ಹೂಡಿಕೊಂಡ ಎರಡನೆಯದು. ಕಳೆದುಹೋದ ಗಳಿಗೆ ಬೇರೆಯಾಗಿರಬೇಕಿತ್ತೆಂಬ ಹಟವೂ ತೃಷ್ಣೆಯೇ ಎಂಬುದು ಆಗ ಮನವರಿಕೆಯಾಯಿತು.

ನೋವಿನ ಹಾದಿಯಲ್ಲೇ ಈ ತಿಳಿವಿಗೆ ಬಂದ ಹಿರಿಯರೊಬ್ಬರು ನಮ್ಮ ನಗರದಲ್ಲೇ ಬಾಳಿದರು. 1922ರಲ್ಲಿ ಇಂಫಾಲದಲ್ಲಿ ಜನಿಸಿದ ಆಚಾರ್ಯ ಬುದ್ಧರಕ್ಖಿತರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ಸೇವೆಯಲ್ಲಿದ್ದರು. ಯುದ್ಧದ ಹಿಂಸೆಯನ್ನು ಕಂಡು ಭಿಕ್ಷುಗಳಾದ ಅವರು, 1956ರಲ್ಲಿ ಬೆಂಗಳೂರಿನಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು. ಗಾಂಧಿನಗರದ ಅದರ ವಿಹಾರ ಇಂದಿಗೂ ಎಲ್ಲರಿಗೂ ತೆರೆದಿದೆ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆ ಚಿಕಿತ್ಸೆ ನೀಡುವ ವಿಭಾಗಕ್ಕೂ ಮಹಾಬೋಧಿಯ ಹೆಸರಿದೆ. ದುಃಖವನ್ನು ಅರಿಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ನಾವು ಹೆಬ್ಬಾಳದ ದಾರಿಯಲ್ಲೇ ಓಡಾಡುತ್ತೇವೆ. ತಾಯಿಯವರ ನೆನಪಾಗುತ್ತದೆ, ನೋವೂ ಆಗುತ್ತದೆ. ಆದರೆ ಆ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ.

ಭಕ್ತರಲ್ಲಿ ನಮ್ಮದೊಂದು ಬಿನ್ನಹ. ಸಾವು ಸಂಭವಿಸಿದ ಮನೆಗೆ ಹೋದಾಗ, ‘ಏಕೆ ತಡಮಾಡಿದಿರಿ? ಬೇರೆ ಆಸ್ಪತ್ರೆಗೆ ಒಯ್ಯಬಾರದಿತ್ತೇ?’ ಎಂದು ಕೇಳದಿರೋಣ. ಮೊದಲ ಬಾಣ ನಾಟಿದವರ ಕೈಗೆ ಎರಡನೆಯದನ್ನು ಕೊಡುವವರು ನಾವಾಗುವುದು ಬೇಡ. ಸುಮ್ಮನೆ ಬಳಿಯಲ್ಲಿ ಕುಳಿತು, ಆ ಮನೆಯವರಿಗೆ ಒಂದು ತುತ್ತು ಉಣಿಸಿ ಬಂದರೂ ಸಾಕು.