ಜಾಲಪಾಲಕನ ನೆನಪನ್ನು ಕಾಪಾಡುವ ಬಗೆ

ಇಂದು ದೊಡ್ಡ ಕಾಲೇಜೊಂದನ್ನು ಹೊಕ್ಕರೆ ಕಚೇರಿ, ಪುಸ್ತಕಭಂಡಾರ, ಪ್ರಯೋಗಶಾಲೆಗಳ ಗಣಕಯಂತ್ರಗಳೆಲ್ಲ ಒಂದೇ ಜಾಲದಲ್ಲಿ ಹೆಣೆದುಕೊಂಡಿರುವುದನ್ನು ಕಾಣುತ್ತೇವೆ. ಈ ಜಾಲದ ಗಂಟುಗಳಲ್ಲಿ ಸ್ವಿಚ್ಚು, ರೌಟರು ಮೊದಲಾದ ಉಪಕರಣಗಳಿರುತ್ತವೆ. ಅವುಗಳಲ್ಲಿ ಯಾವುದು ಕೆಟ್ಟಿತು, ಯಾವ ತಂತಿಯಲ್ಲಿ ಸಂಚಾರ ಮಿತಿಮೀರಿತು ಎಂಬುದನ್ನು ಹಗಲಿರುಳೂ ವಿಚಾರಿಸುತ್ತಿರುವುದು ಜಾಲ ನಿರ್ವಹಣ ತಂತ್ರಾಂಶದ ಕೆಲಸ. ಓಪನ್‌ಎನ್‌ಎಂಎಸ್ ಎಂಬುದು ಈ ವರ್ಗಕ್ಕೆ ಸೇರಿದ, ಯಾರು ಬೇಕಾದರೂ ಪಡೆದು ಬಳಸಬಹುದಾದ ತಂತ್ರಾಂಶ.

ಜಾಲವನ್ನು ಕಾಯುವ ಈ ಪಾಲಕನು ನೆಲೆಸಿರುವ ಗಣಕದ ಡಿಸ್ಕೇ ಒಂದು ದಿನ ಕೆಟ್ಟರೆ ಗತಿಯೇನು? ತಂತ್ರಾಂಶವನ್ನು ಹೊಸದಾಗಿ ಹಾಕಿಕೊಳ್ಳುವುದು ಕಷ್ಟವಲ್ಲ. ಆದರೆ ಅದರ ನೆನಪು ಅಳಿದುಹೋಗಿರುತ್ತದೆ. ಆ ನೆನಪಿನ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವುದಕ್ಕೆ ಬ್ಯಾಕಪ್ ಎಂದು ಹೆಸರು.

ಈ ನೆನಪಿನಲ್ಲಿ ಮೂರು ಭಾಗಗಳಿವೆ. ಮೊದಲನೆಯದು, ಯಾವ ಉಪಕರಣವನ್ನು ಹೇಗೆ ವಿಚಾರಿಸಬೇಕು, ಎಚ್ಚರಿಕೆ ಯಾರಿಗೆ ಹೋಗಬೇಕು ಎಂಬ ಏರ್ಪಾಡುಗಳ ಕಡತಗಳು. ಎರಡನೆಯದು, ಉಪಕರಣಗಳ ಪಟ್ಟಿಯನ್ನೂ ನಡೆದ ಘಟನೆಗಳನ್ನೂ ದಾಖಲಿಸಿದ ದತ್ತಸಂಚಯ. ಓಪನ್‌ಎನ್‌ಎಂಎಸ್ ಇದಕ್ಕಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನು ಬಳಸುತ್ತದೆ. ಮೂರನೆಯದು, ಕಾಲಕಾಲಕ್ಕೆ ತೆಗೆದುಕೊಂಡ ಅಳತೆಗಳು. 5 ನಿಮಿಷಗಳಿಗೊಮ್ಮೆ ಅಳೆದರೆ ಒಂದೊಂದು ತಂತಿಗೂ ದಿನಕ್ಕೆ 288 ಅಳತೆಗಳಾದುವು. ಏರ್ಪಾಡುಗಳನ್ನು ಬೇಕಾದರೆ ಮತ್ತೆ ಬರೆಯಬಹುದು. ಆದರೆ ನಿನ್ನೆಯ ಉಷ್ಣತೆಯನ್ನು ಇಂದು ಅಳೆಯಲಾಗದಂತೆ, ಕಳೆದ ವರ್ಷದ ಸಂಚಾರವನ್ನು ಪುನಃ ಅಳೆಯಲು ಯಾರಿಂದಲೂ ಆಗದು.

ಹಾಗಾದರೆ ಕಡತಗಳನ್ನೆಲ್ಲ ಒಂದೊಂದಾಗಿ ನಕಲು ಮಾಡಿದರೆ ಸಾಲದೆ? ಸಾಲದು. ಲೆಕ್ಕದ ಪುಸ್ತಕವೊಂದನ್ನು ನಾವು ನಕಲು ಮಾಡುತ್ತಿರುವಾಗಲೇ ಗುಮಾಸ್ತನು ಅದರಲ್ಲಿ ಬರೆಯುತ್ತಿದ್ದಾನೆಂದು ಭಾವಿಸೋಣ. ನಾವು 10ನೆಯ ಪುಟವನ್ನು ನಕಲು ಮಾಡಿ ಮುಂದೆ ಸರಿದ ಮೇಲೆ ಅವನು ಆ ಪುಟದಿಂದ 100 ರೂಪಾಯಿ ಕಳೆದು 40ನೆಯ ಪುಟಕ್ಕೆ ಕೂಡಿಸುತ್ತಾನೆ. ತರುವಾಯ ನಾವು 40ನೆಯ ಪುಟಕ್ಕೆ ಬರುತ್ತೇವೆ. ನಮ್ಮ ಪ್ರತಿಯಲ್ಲಿ ಇಲ್ಲದ 100 ರೂಪಾಯಿ ಹುಟ್ಟಿಕೊಂಡಿರುತ್ತದೆ! ಪ್ರತಿಯೊಂದು ಪುಟವೂ ಸರಿ, ಪುಸ್ತಕ ಮಾತ್ರ ತಪ್ಪು. ನಡೆಯುತ್ತಿರುವ ದತ್ತಸಂಚಯದ ಕಡತಗಳನ್ನು ಹಾಗೆಯೇ ನಕಲು ಮಾಡಿದರೆ ಆಗುವುದೂ ಇದೇ. ಇದಕ್ಕೆ ಪರಿಹಾರವಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಪಿಜಿ-ಡಂಪ್ ಎಂಬ ಸಾಧನವಿದೆ. ಇತರರು ಬರೆಯುತ್ತಿದ್ದರೂ ಒಂದೇ ಕ್ಷಣದಲ್ಲಿ ದತ್ತಸಂಚಯವು ಹೇಗಿತ್ತೋ ಹಾಗೆಯೇ ಅದು ಬರೆದುಕೊಡುತ್ತದೆ.

ಅಳತೆಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಆರ್‌ಆರ್‌ಡಿಟೂಲ್ ಎಂಬ ಸಾಧನವು ಬರೆಯುವ ಕಡತವು ಆಯಾ ಯಂತ್ರದ ರಚನೆಗೆ ಕಟ್ಟುಬಿದ್ದದ್ದು. ಬೇರೆ ರಚನೆಯ ಯಂತ್ರವು ಅದನ್ನು ಓದಲಾರದು. ಆದ್ದರಿಂದ ಯಂತ್ರ ಬದಲಾಗುವುದಾದರೆ ಮೊದಲು ಅದನ್ನು ಎಕ್ಸ್‌ಎಂಎಲ್ ಪಠ್ಯವಾಗಿ ಪರಿವರ್ತಿಸಿ ಸಾಗಿಸಬೇಕು. ಹೀಗೆ ಸಿದ್ಧವಾದ ಪ್ರತಿಯನ್ನು ಅದೇ ಡಿಸ್ಕಿನಲ್ಲಿಟ್ಟರೆ ಫಲವಿಲ್ಲ. ಬೇರೆ ಯಂತ್ರದಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇಡತಕ್ಕದ್ದು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಅನುಭವ ಸಾಕ್ಷಿ. ಅಲ್ಲಿ ಕೆಟ್ಟದ್ದು ಜಾಲಪಾಲಕನಲ್ಲ, ಸಂಸ್ಥೆಯ ಮುಖ್ಯ ದತ್ತಸಂಚಯ. ಆದರೆ ಅದೂ ಪೋಸ್ಟ್‌ಗ್ರೆಸ್‌ಕ್ಯೂಎಲ್ ಆಗಿದ್ದುದರಿಂದ ಪಾಠ ಒಂದೇ. 2017ರ ಜನವರಿ 31ರಂದು ಇಂಜಿನಿಯರೊಬ್ಬರು ಒಂದು ಯಂತ್ರದಲ್ಲಿ ಮಾಡಬೇಕಾಗಿದ್ದ ಅಳಿಸುವಿಕೆಯನ್ನು ಮತ್ತೊಂದರಲ್ಲಿ ಮಾಡಿಬಿಟ್ಟರು. ಸುಮಾರು 300 ಗಿಗಾಬೈಟುಗಳ ದತ್ತಾಂಶದಲ್ಲಿ ಬಹುಭಾಗ ಕ್ಷಣಮಾತ್ರದಲ್ಲಿ ಅಳಿಯಿತು. ಬ್ಯಾಕಪ್ಪಿಗಾಗಿ ಹುಡುಕಿದರೆ ಅದನ್ನಿಡುವ ಸ್ಥಳ ಬರಿದಾಗಿತ್ತು! ದತ್ತಸಂಚಯವು 9.6ನೆಯ ಆವೃತ್ತಿಯದು, ಪಿಜಿ-ಡಂಪ್ 9.2ರದು, ಹೀಗಾಗಿ ಅದು ವಿಫಲವಾಗುತ್ತಲೇ ಇದ್ದಿತು. ವೈಫಲ್ಯವನ್ನು ತಿಳಿಸುವ ಇಮೇಲುಗಳನ್ನು ಅಂಚೆಯ ಗಣಕವು ತಿರಸ್ಕರಿಸುತ್ತಿದ್ದುದರಿಂದ ಸುದ್ದಿ ಯಾರಿಗೂ ಮುಟ್ಟಲಿಲ್ಲ. ಸುಮಾರು 6 ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ದೈವವಶಾತ್ ಉಳಿದಿದ್ದಿತು. ನಡುವಣ ಅವಧಿಯ ದತ್ತಾಂಶ ಮಾತ್ರ ಮರಳಲಿಲ್ಲ.

ಆದುದರಿಂದ ಪುನಃಸ್ಥಾಪನೆಯನ್ನು ವಿಪತ್ತಿಗೆ ಮೊದಲೇ ಅಭ್ಯಾಸಮಾಡಬೇಕು. ಬೇರೊಂದು ಯಂತ್ರದಲ್ಲಿ ತಂತ್ರಾಂಶದ ಅದೇ ಆವೃತ್ತಿಯನ್ನು ಹಾಕಿ, ಅದನ್ನು ಚಾಲನೆಗೊಳಿಸುವ ಮುನ್ನ ಏರ್ಪಾಡುಗಳು, ದತ್ತಸಂಚಯ, ಅಳತೆಗಳು ಮೂರನ್ನೂ ತುಂಬಬೇಕು. ಆ ಯಂತ್ರವನ್ನು ಕಾಲೇಜಿನ ಜಾಲದಿಂದ ಬೇರ್ಪಡಿಸಿರಬೇಕು. ಇಲ್ಲವಾದರೆ ಪಾಲಕರಿಬ್ಬರಾಗಿ ಒಂದೇ ದೋಷಕ್ಕೆ ಎರಡೆರಡು ಎಚ್ಚರಿಕೆಗಳು ಹೊರಡುತ್ತವೆ. ಉಪಕರಣಗಳ ಸಂಖ್ಯೆ ಸರಿಯಾಗಿದೆಯೆ, ಹಳೆಯ ನಕ್ಷೆಗಳು ಮೂಡುತ್ತವೆಯೆ, ಒಟ್ಟು ಎಷ್ಟು ಹೊತ್ತು ಹಿಡಿಯಿತು—ಇವನ್ನು ಬರೆದಿಡಬೇಕು.

ಪ್ರಯೋಗಶಾಲೆಯಲ್ಲಿ ನಾವು ಮಾಪಕವನ್ನು ನಂಬುವುದು ಅದನ್ನು ಪರೀಕ್ಷಿಸಿದ ಬಳಿಕವೇ. ತೆಗೆದಿಟ್ಟ ಪ್ರತಿಗೂ ಅದೇ ನಿಯಮ ಸಲ್ಲುತ್ತದೆ.