ಮುದಿ ನಾಯಿಯ ನೋವಿಗೊಂದು ಲೆಕ್ಕ

ಕೀಲುನೋವಿರುವ ಮುದಿ ನಾಯಿ ಕುಂಯ್‌ಗುಟ್ಟುವುದು ಕಡಿಮೆ. ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತು ಮೇಲೆ ನೋಡುತ್ತದೆ, ಆಮೇಲೆ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸಿ ಹತ್ತುತ್ತದೆ. ಮಲಗಿದ್ದಲ್ಲಿಂದ ಏಳುವಾಗ ಮುಂಗಾಲ ಮೇಲೆ ಭಾರ ಹಾಕಿ ಸೊಂಟವನ್ನು ಎಳೆದುಕೊಳ್ಳುತ್ತದೆ. ನೋಯುವ ಕೀಲನ್ನೇ ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ಕೆಂಚಾಗಿರುತ್ತದೆ. ಮನೆಯವರು ನೋಡಿ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತಾರೆ. ಆದರೆ ವಯಸ್ಸೇ ಒಂದು ಕಾಯಿಲೆಯಲ್ಲ. ಅದರ ಮರೆಯಲ್ಲಿ ಕೂತ ಕೀಲು ಸವೆತ ಕಾಯಿಲೆ. ಅದನ್ನು ವಾಸಿಮಾಡಲಾಗದಿದ್ದರೂ ಅದರ ನೋವನ್ನು ತಗ್ಗಿಸಬಹುದು. ಈ ಬದಲಾವಣೆಗಳು ದಿನಕ್ಕಿಷ್ಟಿಷ್ಟೇ ಬರುವುದರಿಂದ ದಿನವೂ ನೋಡುವ ಕಣ್ಣಿಗೇ ಅವು ತಪ್ಪಿಹೋಗುತ್ತವೆ. ಹಾಗಾಗಿ ನಾಯಿಯ ನೋವನ್ನು ಅಳೆಯುವವರು ನೆನಪನ್ನು ನೆಚ್ಚದೆ ಬರೆದಿಡುವ ಅಭ್ಯಾಸ ಮಾಡಿಕೊಳ್ಳಬೇಕು.

ಪಶುವೈದ್ಯಶಾಸ್ತ್ರವೂ ಈ ದಾರಿಯನ್ನೇ ಹಿಡಿದಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಶ್ನಾವಳಿಯೊಂದು ನೋವು ಎಷ್ಟಿದೆ, ಏಳಲು, ನಡೆಯಲು, ಓಡಲು, ಮೆಟ್ಟಿಲು ಹತ್ತಲು ಅದು ಎಷ್ಟು ಅಡ್ಡಿಯಾಗಿದೆ ಎಂದು ಸಾಕಿದವರನ್ನೇ ಕೇಳುತ್ತದೆ. ಪಶುವೈದ್ಯೆ ಆಲಿಸ್ ವಿಲಲೋಬೋಸ್ 2004ರಲ್ಲಿ ಕೊಟ್ಟ ಅಳತೆಗೋಲು ಬದುಕಿನ ಏಳು ಮುಖಗಳನ್ನು ನೋಡುತ್ತದೆ: ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ 10 ಅಂಕ. ಒಟ್ಟು 35 ದಾಟಿದರೆ ಬದುಕು ಸಹನೀಯ. ‘ಅನ್ನ ತಿನ್ನುತ್ತಿದೆಯಲ್ಲ, ಇನ್ನೇನು’ ಎನ್ನುವವರಿಗೆ ಉತ್ತರ ಇಲ್ಲೇ ಇದೆ. ಊಟ ಏಳರಲ್ಲಿ ಒಂದು ಮಾತ್ರ. ಬಟ್ಟಲು ಖಾಲಿ ಮಾಡಿದ ನಾಯಿ ಎದ್ದು ಹೊರಗೆ ಹೋಗಲಾಗದೆ ತನ್ನ ಮೂತ್ರದಲ್ಲೇ ಮಲಗಿರಬಹುದು.

ಅಂಕ ಇಳಿದರೆ ಮೊದಲು ಯೋಚಿಸಬೇಕಾದದ್ದು ಚಿಕಿತ್ಸೆಯನ್ನು. ತೂಕ ಇಳಿಸುವುದು ಎಲ್ಲಕ್ಕಿಂತ ಅಗ್ಗದ ಮದ್ದು. 48 ಲ್ಯಾಬ್ರಡಾರ್‌ಗಳ ಮೇಲೆ ಜೀವಮಾನವಿಡೀ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯವಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರ ತಿಂದ ನಾಯಿಗಳು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು. ಅವುಗಳಿಗೆ ಕೀಲಿನ ಚಿಕಿತ್ಸೆ ಬೇಕಾದದ್ದೂ ತಡವಾಗಿ. ನುಣುಪು ಟೈಲ್ಸ್ ಮೇಲೆ ಕಾಲು ಜಾರದಂತೆ ಚಾಪೆ ಹಾಸುವುದು, ದೂರದ ಒಂದೇ ನಡಿಗೆಯ ಬದಲು ಹತ್ತಿರದ ಎರಡು ಮೂರು ನಡಿಗೆ ಮಾಡಿಸುವುದು ಆಮೇಲಿನವು. ಇವು ಸಾಲದಾದಾಗ ಕಾರ್‌ಪ್ರೊಫೆನ್, ಮೆಲಾಕ್ಸಿಕಾಮ್‌ನಂಥ ನೋವುನಿವಾರಕ ಔಷಧಗಳಿವೆ. ‘ಮಾತ್ರೆ ಕಿಡ್ನಿ ಕೆಡಿಸುತ್ತದೆ’ ಎಂಬ ಅಂಜಿಕೆ ಸುಳ್ಳಲ್ಲ. ಅದಕ್ಕೇ ವೈದ್ಯರು ಮೊದಲೂ ನಡುನಡುವೆಯೂ ರಕ್ತ ಪರೀಕ್ಷೆ ಮಾಡಿಸುತ್ತಾರೆ. ನಿಜವಾಗಿ ಅಂಜಬೇಕಾದದ್ದು ಮನೆಯ ಡಬ್ಬಿಯಲ್ಲಿರುವ ನಮ್ಮ ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗೆ. ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಹಾಳುಮಾಡಬಲ್ಲವು ಅವು. ಔಷಧ ಕೆಲಸ ಮಾಡಿತೇ ಎಂಬುದನ್ನು ಹೇಳುವುದೂ ಅದೇ ಬರಹ: ಎರಡು ವಾರದ ಕೆಳಗೆ ಓಡಾಟಕ್ಕೆ ಸಿಕ್ಕಿದ್ದ 3, ಈಗ 6 ಆಗಿದೆಯೇ?

ಚಿಕಿತ್ಸೆಯೂ ಸಾಲದಾದಾಗ ದಯಾಮರಣದ ಪ್ರಶ್ನೆ ಏಳುತ್ತದೆ. ಆಗ ಪ್ರಾಣವನ್ನು ಅಂಕಗಳಲ್ಲಿ ತೂಗುವುದು ಕಟುಕತನ, ಕೊಟ್ಟವನೇ ಕರೆಸಿಕೊಳ್ಳಲಿ ಎನ್ನುವವರಿದ್ದಾರೆ. ಆ ಹಿಂಜರಿಕೆಗೆ ಗೌರವ ಸಲ್ಲಬೇಕು. ಅಂಕ ಯಾರ ಕೈಯಿಂದಲೂ ದಯಾಮರಣಕ್ಕೆ ಸಹಿ ಹಾಕಿಸುವುದಿಲ್ಲ. ಮನೆಯವರಲ್ಲಿ ಒಬ್ಬರಿಗೆ 30 ಕಂಡದ್ದು ಇನ್ನೊಬ್ಬರಿಗೆ 40 ಆಗಿ ಕಾಣಬಹುದು. ಆದರೆ ಬರೆದಿಡದೆ ಇದ್ದಾಗಲೂ ತೀರ್ಮಾನ ಆಗಿಯೇ ಆಗುತ್ತದೆ. ಕೆಲವೊಮ್ಮೆ ಒಂದು ಕೆಟ್ಟ ರಾತ್ರಿಯ ಗಾಬರಿಯಲ್ಲಿ ಅವಸರವಾಗಿ, ಹೆಚ್ಚಿನ ಸಲ ಬಿಟ್ಟುಕೊಡಲಾರದ ಮಮತೆಯಲ್ಲಿ ತಡವಾಗಿ. ಎರಡರಲ್ಲೂ ಲೆಕ್ಕಕ್ಕೆ ಬರುವುದು ನಮ್ಮ ಸಂಕಟವೇ. ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು ಸೊನ್ನೆ, ಕೆಟ್ಟ ದಿನಕ್ಕೊಂದು ಗೀಟು ಹಾಕುತ್ತ ಬಂದರೆ ಅಲ್ಲಿ ನಾಯಿಯ ಸಂಕಟಕ್ಕೂ ಜಾಗ ಸಿಗುತ್ತದೆ. ಔಷಧ ಬದಲಿಸಿ ನೋಡಿದ ಮೇಲೂ ತಿಂಗಳ ಹಾಳೆಯ ತುಂಬ ಗೀಟುಗಳೇ ಕಂಡರೆ, ಆ ಹಾಳೆಯನ್ನು ಹಿಡಿದು ವೈದ್ಯರ ಮುಂದೆ ಕೂರುವ ಹೊತ್ತು ಬಂದಿದೆ ಎಂದರ್ಥ.