ಒಡವೆಯೂ ಒಡಲೂ

ತಾಮ್ರದ ಬಳೆಯನ್ನು ತೊಟ್ಟ ಮುಂಗೈಯಲ್ಲಿ ಹಸಿರು ಪಟ್ಟಿ ಮೂಡುವುದನ್ನೂ, ಬೆಳ್ಳಿಯ ಕಾಲ್ಗೆಜ್ಜೆ ಕೆಲವೇ ತಿಂಗಳಲ್ಲಿ ಕಪ್ಪಿಡುವುದನ್ನೂ, ಹೊಸ ಓಲೆಯಿಟ್ಟ ಕಿವಿ ಕೆಂಪೇರಿ ನೀರೊಸರುವುದನ್ನೂ ಕಾಣದ ಮನೆ ನಮ್ಮಲ್ಲಿ ವಿರಳ. ಇದಕ್ಕೆ ಕಾರಣ ಕೇಳಿದರೆ, ಮೈಯಲ್ಲಿ ಉಷ್ಣ ಹೆಚ್ಚಿದೆಯೆಂದು ಒಬ್ಬರು, ಅಕ್ಕಸಾಲಿಗ ಮೋಸಮಾಡಿದನೆಂದು ಇನ್ನೊಬ್ಬರು, ಗ್ರಹಚಾರವೆಂದು ಮತ್ತೊಬ್ಬರು ಹೇಳುವುದುಂಟು. ಈ ಸಮಾಧಾನಗಳೆಲ್ಲವೂ ಮೂರು ಸಂಗತಿಗಳನ್ನು ಒಂದೇ ಜಾತಿಗೆ ಸೇರಿಸಿಬಿಡುತ್ತವೆ. ಆದರೆ ಚರ್ಮದ ಮೇಲೆ ಮೂಡುವ ಬಣ್ಣ ಬೇರೆ, ಚರ್ಮದೊಳಗೆ ಹುಟ್ಟುವ ಉರಿ ಬೇರೆ. ಮೊದಲನೆಯದು ಲೋಹದ ವೃತ್ತಾಂತ, ಎರಡನೆಯದು ದೇಹದ ವೃತ್ತಾಂತ. ಮೊದಲನೆಯದನ್ನು ಸಾಬೂನಿನಿಂದ ತೊಳೆದುಬಿಡಬಹುದು. ಎರಡನೆಯದು ಒಮ್ಮೆ ನೆಲೆಗೊಂಡಿತೆಂದರೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಉಳಿಯತಕ್ಕುದು. ಈ ಭೇದವನ್ನು ಅರಿತವರು ಹಸಿರು ಕಲೆಗೆ ಹೆದರಬೇಕಾಗಿಲ್ಲ. ಕಿವಿಯ ತುರಿಕೆಯನ್ನು ಅವರು ಅಲಕ್ಷಿಸುವುದೂ ಇಲ್ಲ.

ಬೆವರಿನಲ್ಲಿ ನೀರಿನೊಡನೆ ಉಪ್ಪು, ಲ್ಯಾಕ್ಟಿಕ್ ಆಮ್ಲ, ಯೂರಿಯ ಮೊದಲಾದುವು ಇರುತ್ತವೆ. ಚರ್ಮದ ಜಿಡ್ಡಿನಿಂದ ಬಂದ ಮೇದಾಮ್ಲಗಳೂ ಅದರೊಡನೆ ಬೆರೆಯುತ್ತವೆ. ಹೀಗೆ ಲವಣವೂ ಹುಳಿಯೂ ಕೂಡಿದ ದ್ರವವೊಂದು ಲೋಹವನ್ನು ಹಗಲಿರುಳು ಸೋಂಕಿಕೊಂಡಿದ್ದರೆ, ಲೋಹದ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ತೊರೆದು ಅಯಾನುಗಳಾಗಿ ದ್ರವದೊಳಕ್ಕೆ ಇಳಿಯಲು ಅವಕಾಶವಾಗುತ್ತದೆ. ಈ ಪ್ರವೃತ್ತಿ ಎಲ್ಲ ಲೋಹಗಳಲ್ಲಿಯೂ ಸಮನಾಗಿಲ್ಲ. ಚಿನ್ನದಲ್ಲಿ ಅದು ಅತ್ಯಲ್ಪ. ಬೆಳ್ಳಿಯಲ್ಲಿ ಅದಕ್ಕಿಂತ ಹೆಚ್ಚು. ತಾಮ್ರದಲ್ಲಿ ಇನ್ನೂ ಹೆಚ್ಚು. ನಿಕ್ಕಲ್ ಮತ್ತು ಸತುವುಗಳಲ್ಲಿ ಮತ್ತಷ್ಟು ಹೆಚ್ಚು. ಆದರೆ ಅಪ್ಪಟ ಚಿನ್ನ ಒಡವೆಗೆ ಒದಗದಷ್ಟು ಮೃದುವಾದ ಲೋಹವಾದುದರಿಂದ ಅದಕ್ಕೆ ಬೇರೆ ಲೋಹವನ್ನು ಕೂಡಿಸಲೇಬೇಕಾಗುತ್ತದೆ. 22 ಕ್ಯಾರಟ್ಟಿನ ಚಿನ್ನದಲ್ಲಿ ಸಾವಿರಕ್ಕೆ 916 ಪಾಲು ಚಿನ್ನವಿದ್ದರೆ ಉಳಿದ 84 ಪಾಲು ತಾಮ್ರ, ಬೆಳ್ಳಿ, ಸತು ಮೊದಲಾದುವು. 18 ಕ್ಯಾರಟ್ಟಿನದರಲ್ಲಿ ಈ ಅನ್ಯಲೋಹಗಳ ಪಾಲು 250. ಆದುದರಿಂದ ಚಿನ್ನದ ಒಡವೆಯೊಂದು ಮೈಮೇಲೆ ಗುರುತು ಬಿಟ್ಟಿತೆಂಬ ಮಾತ್ರಕ್ಕೆ ಅಕ್ಕಸಾಲಿಗನನ್ನು ದೂಷಿಸುವುದು ನ್ಯಾಯವಲ್ಲ.

ಹಸಿರು ಬಣ್ಣಕ್ಕೆ ಕಾರಣ ತಾಮ್ರ. ಹುಣಿಸೆಹಣ್ಣಿನಿಂದ ತಿಕ್ಕಿದ ತಾಮ್ರದ ಚೊಂಬು ಒಡನೆಯೇ ಬೆಳಗುವುದಕ್ಕೆ ಹಣ್ಣಿನ ಹುಳಿ ಲೋಹದ ಮೇಲಣ ಕಿಲುಬನ್ನು ಕರಗಿಸಿಕೊಳ್ಳುವುದೇ ಕಾರಣವಲ್ಲವೆ? ಹುಣಿಸೆ ಕ್ಷಣಮಾತ್ರದಲ್ಲಿ ಮಾಡುವ ಈ ಕೆಲಸವನ್ನು ಬೆವರು ಗಂಟೆಗಟ್ಟಲೆ, ದಿನಗಟ್ಟಲೆ ಕಾಲಾವಕಾಶ ತೆಗೆದುಕೊಂಡು ಮಾಡುತ್ತದೆ. ಹಾಗೆ ಕರಗಿದ ತಾಮ್ರವು ಕ್ಲೋರೈಡು, ಕಾರ್ಬೊನೇಟು, ಮೇದಾಮ್ಲಗಳ ಲವಣ ಮುಂತಾದ ರೂಪಗಳನ್ನು ತಾಳುತ್ತದೆ. ಇವುಗಳ ಬಣ್ಣ ಹಸಿರು ಅಥವಾ ನೀಲಿಗೂಡಿದ ಹಸಿರು. ಹಿತ್ತಾಳೆ ಕಂಚುಗಳ ಒಡವೆಗಳೂ, ಮೇಲೆ ಚಿನ್ನದ ತೆಳು ಲೇಪವಿದ್ದು ಒಳಗೆ ತಾಮ್ರ ಅಥವಾ ಹಿತ್ತಾಳೆಯಿರುವ ಒಡವೆಗಳೂ ಇದೇ ಬಣ್ಣವನ್ನು ಬಿಡತಕ್ಕುವು. ಲೇಪ ಹೊಸತಾಗಿರುವಾಗ ಏನೂ ತೋರದೆ, ಅದು ಸವೆದ ಮೇಲೆ ಕತ್ತಿನ ಸುತ್ತ ಹಸಿರು ಗೆರೆ ಕಾಣಿಸಿಕೊಳ್ಳುವುದು ಇದರಿಂದಲೇ. ಒಬ್ಬರ ಬೆವರಿನ ಪ್ರಮಾಣವೂ ಆಮ್ಲಗುಣವೂ ಇನ್ನೊಬ್ಬರದರಂತಿರುವುದಿಲ್ಲವಾದ ಕಾರಣ, ಒಂದೇ ಬಳೆ ಅಕ್ಕನ ಕೈಯಲ್ಲಿ ಸುಮ್ಮನಿದ್ದು ತಂಗಿಯ ಕೈಯಲ್ಲಿ ಹಸಿರು ಬಿಡಬಹುದು. ಈ ಕಲೆ ಸಾಮಾನ್ಯವಾಗಿ ನಿರಪಾಯಕರವಾದುದು.

ಕಪ್ಪಿನ ಕಥೆ ಸ್ವಲ್ಪ ಜಟಿಲವಾದುದು, ಏಕೆಂದರೆ ಅದಕ್ಕೆ ಎರಡು ಮೂಲಗಳಿವೆ. ಬೆಳ್ಳಿಗೂ ಗಂಧಕಕ್ಕೂ ಬಲವಾದ ಆಕರ್ಷಣೆಯುಂಟು. ಗಾಳಿಯಲ್ಲಿರುವ ಲೇಶಮಾತ್ರ ಹೈಡ್ರೊಜನ್ ಸಲ್ಫೈಡೂ, ಮೈಯಿಂದ ಹೊರಬೀಳುವ ಗಂಧಕಯುಕ್ತ ದ್ರವ್ಯಗಳೂ ಬೆಳ್ಳಿಯ ಹೊರಮೈಯನ್ನು ಕಪ್ಪಾದ ಬೆಳ್ಳಿಯ ಸಲ್ಫೈಡನ್ನಾಗಿ ಪರಿವರ್ತಿಸುತ್ತವೆ. ಗೆಜ್ಜೆ ಕಪ್ಪಾದರೆ ಅದು ದೇಹದ ವಿಷವನ್ನು ಹೀರಿಕೊಂಡಿತೆಂಬ ನಂಬಿಕೆಗೆ ಆಧಾರವಿಲ್ಲ. ಪೆಟ್ಟಿಗೆಯಲ್ಲಿಟ್ಟು ಮರೆತ ಗೆಜ್ಜೆಯೂ ಕಪ್ಪಾಗುವುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಪ್ಪಿನ ಇನ್ನೊಂದು ಮೂಲ ಘರ್ಷಣೆ. ಮುಖಕ್ಕೂ ಕತ್ತಿಗೂ ಬಳಿಯುವ ಅನೇಕ ಪೌಡರುಗಳಲ್ಲಿ ಸತುವಿನ ಆಕ್ಸೈಡು, ಟೈಟಾನಿಯಮ್ ಆಕ್ಸೈಡು ಮುಂತಾದುವು ಇರುತ್ತವೆ. ಇವುಗಳ ಕಣಗಳು ಚಿನ್ನ ಬೆಳ್ಳಿಗಳಿಗಿಂತ ಗಡಸಾದುವು. ಪೌಡರು ಹಚ್ಚಿದ ಚರ್ಮದ ಮೇಲೆ ಚಿನ್ನದ ಉಂಗುರವನ್ನು ಒತ್ತಿ ಎಳೆದರೆ ಅಲ್ಲಿ ಸೀಸದಕಡ್ಡಿಯಿಂದ ಗೀಚಿದಂತಹ ಕಪ್ಪು ಗೆರೆಯೊಂದು ಬೀಳುವುದನ್ನು ಯಾರು ಬೇಕಾದರೂ ನೋಡಬಹುದು. ಗಡಸು ಕಣಗಳು ಲೋಹವನ್ನು ಉಜ್ಜಿ ಅತಿಸೂಕ್ಷ್ಮವಾದ ಹುಡಿಯನ್ನು ಉದುರಿಸಿವೆ. ನಯವಾದ ಮೈಯಿದ್ದಾಗ ಬೆಳಕನ್ನು ಪ್ರತಿಫಲಿಸಿ ಹೊಳೆಯುತ್ತಿದ್ದ ಚಿನ್ನವೇ ಹುಡಿಯಾದಾಗ ಬೆಳಕನ್ನು ಹಿಂದಿರುಗಿಸದೆ ಕಪ್ಪಾಗಿ ತೋರುತ್ತದೆ.

ಇಷ್ಟರವರೆಗೆ ಹೇಳಿದುದರಲ್ಲಿ ಚರ್ಮದ ಪಾತ್ರ ಅಲ್ಪವಾದುದು. ಇನ್ನು ಉರಿ ತುರಿಕೆಗಳ ವಿಷಯ. ಇಲ್ಲಿಯೂ ಎಲ್ಲ ಅಪರಾಧವನ್ನು ಲೋಹದ ಮೇಲೆ ಹೊರಿಸುವಂತಿಲ್ಲ. ಬಿಗಿಯಾದ ಉಂಗುರದ ಅಡಿಯಲ್ಲಿ ಪಾತ್ರೆ ಬಟ್ಟೆಗಳನ್ನು ತೊಳೆದ ಸಾಬೂನಿನ ನೀರು ನಿಂತು, ಗಾಳಿಯಾಡದೆ, ಚರ್ಮ ನೆನೆದು ಬಿಳಿಚಿ, ಅನಂತರ ಬಿರಿದು ಉರಿಯುವುದು ಬಹು ಸಾಮಾನ್ಯ. ಇದು ಸಾಬೂನಿನ ಕ್ಷಾರವೂ ತೇವವೂ ಕೂಡಿ ಮಾಡಿದ ಗಾಯ. ಉಂಗುರವನ್ನು ತೆಗೆದಿಟ್ಟು ಕೆಲಸಮಾಡಿದರೆ, ಕೈಯನ್ನು ಚೆನ್ನಾಗಿ ಒರಸಿಕೊಂಡ ಮೇಲೆ ಮಾತ್ರ ಮರಳಿ ತೊಟ್ಟರೆ, ಇದು ತಾನಾಗಿಯೇ ಮಾಯುತ್ತದೆ.

ನಿಕ್ಕಲ್ಲಿನಿಂದ ಉಂಟಾಗತಕ್ಕ ಅಲರ್ಜಿಯ ರೀತಿಯೇ ಬೇರೆ. ಲೋಹಗಳಿಂದಾಗುವ ಚರ್ಮದ ಅಲರ್ಜಿಗಳಲ್ಲಿ ಜಗತ್ತಿನಾದ್ಯಂತ ಇದೇ ಅಗ್ರಗಣ್ಯವಾದುದು. ಬೆವರಿನಲ್ಲಿ ಕರಗಿದ ನಿಕ್ಕಲ್ ಅಯಾನುಗಳು ಹೊರಚರ್ಮವನ್ನು ದಾಟಿ ದೇಹದ ಪ್ರೋಟೀನುಗಳೊಡನೆ ಸೇರಿಕೊಳ್ಳುತ್ತವೆ. ಚರ್ಮದಲ್ಲಿ ಕಾವಲಿರುವ ಲ್ಯಾಂಗರ್‌ಹ್ಯಾನ್ಸ್ ಕೋಶ ಮೊದಲಾದುವು ಈ ಹೊಸ ರೂಪವನ್ನು ಹೊತ್ತು ಸಮೀಪದ ದುಗ್ಧಗ್ರಂಥಿಗೆ ಹೋಗಿ ಅಲ್ಲಿಯ ಟಿ-ಕೋಶಗಳಿಗೆ ತೋರಿಸುತ್ತವೆ. ಅವುಗಳಲ್ಲಿ ಕೆಲವು ಅದನ್ನು ಪರಕೀಯವೆಂದು ಗುರುತಿಸಿ ವೃದ್ಧಿಹೊಂದಿ, ಆ ಗುರುತನ್ನು ನೆನಪಿನಲ್ಲಿಟ್ಟುಕೊಂಡು ದೇಹದಲ್ಲೆಲ್ಲ ಸಂಚರಿಸುತ್ತವೆ. ಇಷ್ಟೂ ನಡೆಯುವಾಗ ಹೊರಗೆ ಯಾವ ಚಿಹ್ನೆಯೂ ಕಾಣದಿರಬಹುದು. ಮುಂದೆ ಎಂದೋ ನಿಕ್ಕಲ್ ಮತ್ತೆ ಸೋಂಕಿದಾಗ, ಒಂದರಿಂದ ಮೂರು ದಿನಗಳೊಳಗೆ ಅಲ್ಲಿ ಕೆಂಪು, ತುರಿಕೆ, ಸಣ್ಣ ನೀರುಗುಳ್ಳೆಗಳು ಏಳುತ್ತವೆ. ವರ್ಷಗಳ ಕಾಲ ಇಟ್ಟುಕೊಂಡಿದ್ದ ಓಲೆಯೇ ಈಗ ಹಗೆಯಾಯಿತೆಂದು ಜನ ನಂಬದಿರುವುದೂ, ನಿನ್ನೆ ತಿಂದ ಬದನೆಕಾಯಿಯ ಮೇಲೆ ಸಂಶಯಪಡುವುದೂ ಈ ವಿಳಂಬದಿಂದಲೇ.

ನಿಕ್ಕಲ್ಲಿಗೆ ಮನುಷ್ಯನ ಚರ್ಮ ಇಷ್ಟು ಸುಲಭವಾಗಿ ಕೆರಳುವುದೇಕೆಂಬುದಕ್ಕೆ 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮನೋಹರವಾದ ಉತ್ತರವನ್ನಿತ್ತಿತು. ಬ್ಯಾಕ್ಟೀರಿಯಗಳ ಆಕ್ರಮಣವನ್ನು ಗುರುತಿಸಿ ದೇಹಕ್ಕೆ ಎಚ್ಚರಿಕೆ ಕೊಡುವ ಗ್ರಾಹಕ ಪ್ರೋಟೀನೊಂದು ನಮ್ಮ ಕೋಶಗಳ ಮೇಲಿದೆ. ಮನುಷ್ಯನಲ್ಲಿ ಆ ಪ್ರೋಟೀನಿನ 456 ಮತ್ತು 458ನೆಯ ಸ್ಥಾನಗಳಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲವಿದ್ದು, ನಿಕ್ಕಲ್ ಅಯಾನು ನೇರವಾಗಿ ಅಲ್ಲಿ ಬಂದು ಅಂಟಿಕೊಳ್ಳುತ್ತದೆ. ಹೀಗೆ ಲೋಹದ ಕಣವೊಂದು ಬ್ಯಾಕ್ಟೀರಿಯದ ಆಗಮನವನ್ನು ಸಾರುವ ಗಂಟೆಯನ್ನೇ ಬಾರಿಸಿಬಿಡುತ್ತದೆ. ಇಲಿಯ ಪ್ರೋಟೀನಿನಲ್ಲಿ ಆ ಎರಡು ಹಿಸ್ಟಿಡೀನುಗಳಿಲ್ಲ. ಬರಿಯ ನಿಕ್ಕಲ್ಲಿನಿಂದ ಇಲಿಗಳಲ್ಲಿ ಈ ಅಲರ್ಜಿಯನ್ನು ಹುಟ್ಟಿಸುವುದು ಕಷ್ಟವಾಗಿದ್ದುದರ ಗುಟ್ಟು ಅದೇ.

ಕಿವಿ ಚುಚ್ಚಿಸಿಕೊಳ್ಳುವಿಕೆಯು ನಿಕ್ಕಲ್ಲಿಗೆ ತೆರೆದ ಬಾಗಿಲಾಗಬಹುದು. ಹೊಸ ರಂಧ್ರದಲ್ಲಿ ಹೊರಚರ್ಮದ ರಕ್ಷಣೆಯಿಲ್ಲ. ಹಸಿಗಾಯದ ರಸ ಲೋಹವನ್ನು ಸುತ್ತುವರಿದಿರುತ್ತದೆ. ಎಷ್ಟೋ ವೇಳೆ ಓಲೆಯ ಮುಂಭಾಗ ಒಳ್ಳೆಯ ಚಿನ್ನದ್ದಾಗಿದ್ದು ಹಿಂದಣ ತಿರುಪು ಬೇರೆ ಲೋಹದ್ದಾಗಿರುತ್ತದೆ. ಹಾಲೆಯನ್ನು ಮಡಿಸಿ ನೋಡಿದರೆ ಮುಂದೆ ಚರ್ಮ ಸ್ವಚ್ಛವಾಗಿದ್ದು, ಹಿಂದೆ ತಿರುಪು ಒತ್ತಿದ ಅಷ್ಟೇ ಅಗಲದ ವೃತ್ತದಲ್ಲಿ ಕೆಂಪು, ಅಂಚಿನಲ್ಲಿ ಹೊಂಬಣ್ಣದ ಹಕ್ಕಳೆ ಕಾಣುತ್ತದೆ. ಅಲರ್ಜಿಯು ತಾನು ಹುಟ್ಟಿದ ಸ್ಥಳದ ನಕಾಶೆಯನ್ನು ತಾನೇ ಬರೆದು ತೋರಿಸುವ ಪರಿ ಇದು. ಸ್ತ್ರೀಯರಲ್ಲಿ ಈ ಬಾಧೆ ಹೆಚ್ಚಾಗಿರುವುದಕ್ಕೆ ಕಿವಿ ಮೂಗು ಚುಚ್ಚಿಸಿಕೊಳ್ಳುವ ರೂಢಿಯೇ ಮುಖ್ಯ ಕಾರಣ. ನಿಶ್ಚಿತ ಪರೀಕ್ಷೆಯ ದಾರಿಯನ್ನು 1895ರಲ್ಲಿ ಯೋಸೆಫ್ ಯಾಡಾಸೋನ್ ಎಂಬ ಚರ್ಮವೈದ್ಯರು ತೋರಿಸಿಕೊಟ್ಟರು. ಸಂಶಯಾಸ್ಪದವಾದ ದ್ರವ್ಯವನ್ನು ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸಿ, ಎರಡು ದಿನಗಳ ನಂತರ ಬಿಚ್ಚಿ, ಮುಂದೆ ಇನ್ನೊಂದೆರಡು ದಿನಗಳವರೆಗೂ ಗಮನಿಸುವ ಆ ಕ್ರಮವನ್ನೇ ವೈದ್ಯರು ಇಂದಿಗೂ ಅನುಸರಿಸುತ್ತಾರೆ.

ಒಡವೆಯೊಳಗೆ ನಿಕ್ಕಲ್ ಎಷ್ಟಿದೆಯೆಂಬುದಕ್ಕಿಂತ ಅದರಿಂದ ಎಷ್ಟು ಹೊರಬರುತ್ತದೆಯೆಂಬುದೇ ಮುಖ್ಯವಾದ ಪ್ರಶ್ನೆ. ಶಸ್ತ್ರಚಿಕಿತ್ಸೆಗೆ ಬಳಸುವ 316ಎಲ್ ಎಂಬ ತುಕ್ಕುಹಿಡಿಯದ ಉಕ್ಕಿನಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ನಿಕ್ಕಲ್ ಇದ್ದರೂ, ಕ್ರೋಮಿಯಮ್ ಆಕ್ಸೈಡಿನ ಅದೃಶ್ಯವಾದ ಪೊರೆಯೊಂದು ಅದನ್ನು ಒಳಗೇ ಹಿಡಿದಿಡುತ್ತದೆ. ಕಬ್ಬಿಣದ ಮೇಲೆ ಬಳಿದ ತೆಳುವಾದ ನಿಕ್ಕಲ್ ಲೇಪವಾದರೋ ಬೆವರಿಗೆ ಸಲೀಸಾಗಿ ಕರಗುತ್ತದೆ. ಈ ತತ್ತ್ವವನ್ನೇ ಆಧರಿಸಿ ಯೂರೋಪು 1994ರಲ್ಲಿ ಕಟ್ಟಳೆ ಮಾಡಿತು: ಚರ್ಮಕ್ಕೆ ಬಹುಕಾಲ ಸೋಂಕುವ ಒಡವೆಯ ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಹೊರಬರಕೂಡದು. ಚುಚ್ಚಿದ ರಂಧ್ರಕ್ಕೆ ಇಡುವುದರಲ್ಲಿ ಇಂದಿನ ಮಿತಿ 0.2 ಮೈಕ್ರೋಗ್ರಾಂ. ಅದಕ್ಕೂ ಮೊದಲೇ ಇಂಥ ಕಟ್ಟಳೆ ತಂದ ಡೆನ್ಮಾರ್ಕಿನಲ್ಲಿ, ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಈ ಅಲರ್ಜಿ ಇಳಿಮುಖವಾಯಿತು. ತಡೆಗಟ್ಟಬಹುದಾದ ವ್ಯಾಧಿ ಇದು ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ.

ಪರೀಕ್ಷೆಯೂ ಸುಲಭವಾದುದೇ. ರಷ್ಯದ ರಸಾಯನಜ್ಞ ಲೆವ್ ಚುಗಾಯೆವ್ 1905ರಲ್ಲಿ ಕಂಡುಹಿಡಿದಂತೆ, ಡೈಮೀಥೈಲ್ ಗ್ಲೈಆಕ್ಸೀಮ್ ಎಂಬ ದ್ರವ್ಯ ಅಮೋನಿಯದ ಸನ್ನಿಧಿಯಲ್ಲಿ ನಿಕ್ಕಲ್ಲಿನೊಡನೆ ಕೂಡಿ ಕೆಂಪುಬಣ್ಣ ತಾಳುತ್ತದೆ. ಅದರಲ್ಲಿ ಅದ್ದಿದ ಹತ್ತಿಯಿಂದ ಒಡವೆಯನ್ನು ಅರ್ಧ ನಿಮಿಷ ಉಜ್ಜಿದಾಗ ಹತ್ತಿ ಗುಲಾಬಿಯಾದರೆ, ನಿಕ್ಕಲ್ ಹೊರಬರುತ್ತಿದೆಯೆಂದು ತಿಳಿಯಬಹುದು.

ಹಾಲ್‌ಮಾರ್ಕ್ ಮುದ್ರೆ ಚಿನ್ನದ ಪಾಲನ್ನು ಮಾತ್ರ ಸಾರುತ್ತದೆ. ಉಳಿದ ಪಾಲು ಯಾವ ಲೋಹವೆಂಬುದನ್ನು ಅದು ಹೇಳುವುದಿಲ್ಲ. ಆದುದರಿಂದ ಕೊಳ್ಳುವವರು, ಬಿಳಿಚಿನ್ನವನ್ನು ಕೊಳ್ಳುವಾಗಲಂತೂ ಅವಶ್ಯವಾಗಿ, ಬೆರಕೆಯೇನೆಂದು ಕೇಳತಕ್ಕದ್ದು. ಓಲೆಯ ದಂಡವೂ ತಿರುಪೂ ಯಾವ ಲೋಹದವೆಂದೂ ಕೇಳತಕ್ಕದ್ದು. ಈಗಾಗಲೇ ತುರಿಕೆಯುಳ್ಳವರು ಒಡವೆಗೆ ಉಗುರುಬಣ್ಣದ ಲೇಪ ಹಚ್ಚಿ ಕೆಲದಿನ ನಿಭಾಯಿಸಬಹುದಾದರೂ ಅದು ಬೇಗ ಸವೆಯುವುದರಿಂದ, ಒಡವೆಯನ್ನು ಬದಲಿಸಿ ಚರ್ಮವೈದ್ಯರನ್ನು ಕಾಣುವುದೇ ಮೇಲು. ಮಗುವಿನ ಕಿವಿಯನ್ನು ಮೊದಲ ಸಲ ಚುಚ್ಚಿಸುವವರು ಈ ವಿಚಾರದಲ್ಲಿ ಎಲ್ಲರಿಗಿಂತ ಹೆಚ್ಚು ಎಚ್ಚರವಹಿಸಬೇಕು. ಉತ್ತಮ ಚಿನ್ನದ ಎಳೆತಂತಿಯಿಂದ ಚುಚ್ಚಿ ಅದನ್ನೇ ಬಾಗಿಸಿಬಿಡುವ ನಮ್ಮ ಹಳೆಯ ಪದ್ಧತಿ ಈ ದೃಷ್ಟಿಯಿಂದ ಅತ್ಯಂತ ವಿವೇಕಯುತವಾದುದು. ಅದರ ಸ್ಥಾನದಲ್ಲಿ ಅಗ್ಗದ ಲೇಪದ ಕಡ್ಡಿಯನ್ನಿಟ್ಟು ಉಳಿಸುವ ನಾಲ್ಕು ಕಾಸು ಮಗುವಿಗೆ ಆಜೀವಪರ್ಯಂತದ ಬಾಧೆಯನ್ನು ತಂದೊಡ್ಡಬಹುದು.